ಸ್ಟೆಪ್ನಿ ಕೆಳಗಿನ ‘ಬಿಡಡ’

ಸ್ನೇಹಿತರೇ, ಗಡಿಬಿಡಿಯಲ್ಲಿ ಬರೀತಾ ಇದ್ದೇನೆ. ಅಕ್ಷರ ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ಬೆಳಿಗ್ಗೆ ಭೈರುಂಬೆ ಹತ್ತಿರ, ನಾನೂ ಭಾವನೂ ಶಿರಸಿಗೆ ಹೊರಟಿದ್ದ ಬಾಡಿಗೆ ಪಿಕಪ್ ಪಂಕ್ಚರ್ ಆಯ್ತು. ಡ್ರೈವರ್ ಹಾನಗಲ್ ಕಡೆಯವರು. ಮೊದಲು ಗಾಲಿಗಳಿಗೆ ಕಲ್ಲು ಕೊಟ್ಟರು. ಗಾಡಿಯಡಿ ತೂಗುವ ಸ್ಟೆಪ್ನಿಯ ಸರಪಳಿ ತುಕ್ಕು ಹಿಡಿದು ಕೂತಿತ್ತು. ಅದು ಕಳಚಿದರೆ ಟೈರು ದಢಾರನೆ ಬೀಳಬಾರದು ಅಂತ ಹಗ್ಗ ಕಟ್ಟಿ, ಹಿಂದಿನ ಸಲಾಕೆಯ ಮೇಲಿಂದ ಎಳೆದು ಹಿಡಿದರು.

"ಭಾವ, ಟೈರಿನ ಅಡಿಗೆ ತಲೆ ಹಾಕದು ಬೇಡ. ಬದಿಗೆ ಕೂತ್ಕ," ಅಂದೆ.

ನನ್ನ ಭಾವ ಯಾರ ಮಾತು ಕೇಳಿದ್ದಾನೆ? "ಎಂತೂ ಆಗ್ತಿಲ್ಲೆ ಮಾರಾಯಾ," ಅಂತ ಅಂಗಾತ ಮಲಗಿ ಸೀದಾ ಒಳಗೆ ತೂರಿದ. ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿದ್ದೇ ಸರಪಳಿಯ ಕೊಕ್ಕೆ ಕಳಚಿತು. ಟೈರು ಅವನ ಮುಖದ ಮೇಲೆ ಹಗ್ಗದಲ್ಲಿ ಜೋತಾಡಿತು.

"ಬಿಡಡ! ಬಿಡಡ!" ಭಾವ ಕಿರುಚಿದ.

ನಮ್ಮ ಮನೆಮಾತಲ್ಲಿ ‘ಬಿಡಡ’ ಅಂದರೆ ಬಿಡಬೇಡ. ಹಾನಗಲ್ಲಿನ ಕಿವಿಗೆ ಅದು ‘ಬಿಡು, ಬಿಡು’. ಡ್ರೈವರ್ ಬಿಟ್ಟೇಬಿಟ್ಟರು.

ನಾನು ಭಾವನ ಕಾಲು ಹಿಡಿದು ಎಳೆದದ್ದೂ ಟೈರು ಬಿದ್ದದ್ದೂ ಒಟ್ಟಿಗೇ. ಅವನ ತಲೆಯಿದ್ದ ಜಾಗದಲ್ಲಿ ಧೂಳೆದ್ದಿತು.

"ನೀವ ಬಿಡ ಅಂದ್ರಲ್ರೀ!" ಡ್ರೈವರ್ ಅಳುವುದೊಂದು ಬಾಕಿ.

ಹುಟ್ಟಿದಾಗಿಂದ ಮನೆಮಾತು ಬಿಟ್ಟು ಬೇರೆ ಆಡದ ಭಾವ, ಶಿರಸಿ ಮುಟ್ಟುವ ತನಕ ವಾರ್ತೆ ಓದುವವರ ಹಾಗೆ ಮಾತಾಡಿದ: "ಚಾಲಕರೇ, ದಯವಿಟ್ಟು ವೇಗವಾಗಿ ಓಡಿಸಬೇಡಿ. ತಿರುವಿನಲ್ಲಿ ಹಿಂದಿಕ್ಕಬೇಡಿ."

ಒಂದೇ ಒಂದು ‘ಬೇ’ಯನ್ನೂ ನುಂಗಲಿಲ್ಲ.