ಅಪರಿಚಿತ ಮೂಲದ ಮಗಳು

ಋಷಿಮೂಲ, ನದಿಮೂಲ ಹುಡುಕಬಾರದೆಂದು ನಮ್ಮಜ್ಜಿ ಹೇಳುತ್ತಿದ್ದಳು. ಮೊಬೈಲಿಗೆ ಅಂಥ ಅಜ್ಜಿಯಿಲ್ಲ. ಹೊಸ ಆ್ಯಪ್ ಹಾಕಲು ಹೋದರೆ ಮೊದಲು ಮೂಲವನ್ನೇ ವಿಚಾರಿಸುತ್ತದೆ. ತನಗೆ ಗೊತ್ತಿರುವ ಕಡೆಯಿಂದ ಬಂದಿಲ್ಲವಾದರೆ ‘ಅಪರಿಚಿತ ಮೂಲ’ ಎಂದು ಬಾಗಿಲಲ್ಲೇ ನಿಲ್ಲಿಸುತ್ತದೆ. ಫೋನು ನಮ್ಮದೋ, ನಾವು ಅದರವರೋ ಎಂಬ ಅನುಮಾನ ನನಗೆ ಬಹಳ ದಿನದಿಂದ ಇದೆ.

ನ್ಯಾಮತಿಯಲ್ಲಿ ನನ್ನ ಬಟ್ಟೆ ಹೊಲಿಯುವ ರಫೀಕ್ ಭಾಯ್ ಅನುಮಾನದ ಮನುಷ್ಯರಲ್ಲ. ಹೋದ ವರ್ಷ ಅವರ ಫೋನಿಗೆ ಲಗ್ನಪತ್ರಿಕೆಯ ಹೆಸರಲ್ಲಿ ಒಂದು ಫೈಲ್ ಬಂತು. ನಮ್ಮ ಕಡೆ ಮದುವೆಯ ಕರೆಯನ್ನು ಬಿಚ್ಚಿ ನೋಡದಿರುವುದು ಕರೆದವರಿಗೆ ಅವಮಾನ. ಯಾರ ಮದುವೆಯೆಂದು ತಿಳಿಯದಿದ್ದರೂ ಮರ್ಯಾದೆಗೆಂದು ಒತ್ತಿದರು. ಅದು ಕಳ್ಳ ಆ್ಯಪ್. ಜಗಳೂರಿನವರೆಗೂ ಇದ್ದ ಅವರ ಗಿರಾಕಿಗಳಿಗೆಲ್ಲ ಅದೇ ಮದುವೆಯ ಕರೆ ಹೋಯಿತು, ನಾವೂ ಮರ್ಯಾದಸ್ಥರೇ, ಒತ್ತಿದೆವು. ಹೊನ್ನಾಳಿಯಲ್ಲಿ ಕಂಪ್ಯೂಟರ್ ಕಲಿಸುವ ಅವರ ಮಗಳು ಸಲ್ಮಾ ಬಂದು, ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ, ಹೊರಗಿನ ಆ್ಯಪ್‌ಗಳಿಗೆ ಚಿಲಕ ಹಾಕಿ ಹೋದಳು.

ಈಚೆಗೆ ಭಾಯ್ ಕಣ್ಣು ಮಂಜಾಯಿತು. ಟೇಪಿನ ಅಂಕಿ ಕಾಣದೆ ಯಾರದೋ ಜುಬ್ಬದ ತೋಳು ಗಿಡ್ಡವಾಯಿತು. ಅಂಗಡಿ ಮುಚ್ಚುವ ಮಾತೆತ್ತಿದರು. ಆಗ ಸಲ್ಮಾ ತಾನೇ ಒಂದು ಆ್ಯಪ್ ಬರೆದು ಕಳಿಸಿದಳು. ಟೇಪಿನ ಮೇಲೆ ಫೋನ್ ಹಿಡಿದರೆ ಅಳತೆಯನ್ನು ಅವಳ ದನಿಯಲ್ಲೇ ಓದುತ್ತದೆ. ಪ್ಯಾಂಟಿಗೆ ಅಳತೆ ಕೊಡಲು ಹೋದ ನಾನು ಪರದೆಯ ಮೇಲೆ ಬಂದಿದ್ದ ‘ಅಪರಿಚಿತ ಮೂಲ’ವನ್ನು ಓದಿ ಹೇಳಿದೆ.

“ಅಪರಿಚಿತ ಅಂತಾ? ಅವಳಿಗೆ ಹೆಸರಿಟ್ಟೋನೇ ನಾನು ಮೇಷ್ಟ್ರೇ.”

ನಾನು ಚಿಲಕ ತೆಗೆಯಲು ಕೈ ಚಾಚಿದೆ. ಭಾಯ್ ಫೋನ್ ಹಿಂದಕ್ಕೆಳೆದುಕೊಂಡರು.

“ತಡೀರಿ. ಬರೀ ಪತ್ರಿಕೆ ಬಂದ್ರೆ ಹೋಗಾಕೆ ಆಗ್ತೈತಾ? ಬಾಯಿಂದ ಕರೀಬೇಕು.” ಮಗಳಿಗೆ ಫೋನ್ ಹಚ್ಚಿದರು. “ಬೇಟಾ, ಇದು ನೀನೇ ಕಳ್ಸಿದ್ದಾ?”

“ನಾನೇ ಅಬ್ಬಾ. ಚಿಲಕ ತೆಗಿ, ಇದೊಂದನ್ನ ಒಳಗೆ ಬಿಟ್ಕೋ, ಮತ್ತೆ ಹಾಕು.”

“ಹಾಕಿದೋಳೂ ನೀನೇ, ತೆಗಿ ಅನ್ನೋಳೂ ನೀನೇ.”

“ಹಾಕಾಕೆ ಬಂದ್ರೆ ಸಾಕಾ? ತೆಗಿಯಾಕೂ ಬರ್ಬೇಕು.”

ನನಗೂ ಇದಕ್ಕಿಂತ ದೊಡ್ಡ ಶಾಸ್ತ್ರ ಗೊತ್ತಿಲ್ಲ. ಚಿಲಕವೇ ಇಲ್ಲದ ಮನೆ ಛತ್ರ. ಚಿಲಕ ಹೊರಗಿನವರ ಕೈಯಲ್ಲಷ್ಟೇ ಇದ್ದರೆ ಜೈಲು.

ಆ್ಯಪ್ ಹಾಕಿಕೊಂಡು ಭಾಯ್ ನನ್ನ ಸೊಂಟಕ್ಕೆ ಟೇಪ್ ಸುತ್ತಿ ಫೋನ್ ಹಿಡಿದರು. “ನಲವತ್ತೆರಡು,” ಎಂದಳು ಆ್ಯಪಿನೊಳಗಿನ ಸಲ್ಮಾ, ಬೀದಿಗೆಲ್ಲ ಕೇಳುವಂತೆ. ಭಾಯ್ ಮುಖದಲ್ಲಿ ಅಂಗಡಿ ಮತ್ತೆ ತೆರೆಯಿತು. ಇಷ್ಟು ವರ್ಷ ನಾನು ಮೂವತ್ತೆಂಟೆಂದಾಗಲೆಲ್ಲ ಅವರು ಹೌದೆಂದು ತಲೆಯಾಡಿಸಿ, ಸದ್ದಿಲ್ಲದೆ ಸರಿಯಾದ ಅಳತೆಗೇ ಹೊಲಿದು ಕೊಡುತ್ತಿದ್ದರೆಂದು ನನಗೆ ತಿಳಿದದ್ದು ಆಗ. ಗುಟ್ಟಿಗೆ ಅಷ್ಟು ಭದ್ರತೆ ಯಾವ ಫೋನಿನಲ್ಲೂ ಬರುವುದಿಲ್ಲ.