ನಾಲ್ಕನೇ ಅಂಗಿಯ ಐದನೇ ಫೌಲ್

ಕಳೆದ ವಾರ ಅಮ್ಮನ ಜೊತೆ ಬೇಗಂ ಬಜಾರಿಗೆ ಹೋಗಿದ್ದೆ. ಅಂಗಡಿಯ ಸೇಠರು ನಮ್ಮ ಸಾಮಾನಿನ ಚೀಟಿಗೆ ಗುರುತು ಹಾಕುತ್ತಿದ್ದರು: ಕಟ್ಟಿಯಾದದ್ದಕ್ಕೆ ನೀಲಿ, ಕಟ್ಟಬೇಕಾದದ್ದಕ್ಕೆ ಕೆಂಪು. ಒಂದೇ ಪೆನ್ನು, ಎರಡು ಬಣ್ಣ. ಅಂಥ ಪೆನ್ನು ಕಂಡರೆ ನಾನು ಈಗಲೂ ಮುಖ ತಿರುಗಿಸುತ್ತೇನೆ. ನನ್ನ ಮುಖ ನೋಡಿದ ಅಮ್ಮ ಮೆಣಸಿನಕಾಯಿಯ ಘಾಟು ಎಂದುಕೊಂಡಳು. ನಾನು ತಿದ್ದಲಿಲ್ಲ. ತಿದ್ದಬೇಕಾದಲ್ಲಿ ಸುಮ್ಮನಿರುವುದು ನನ್ನ ಹಳೆಯ ಚಾಳಿ. ನಿಮಗೆ ಸಮಯವಿದ್ದರೆ ಅದರ ಕಥೆ ಹೇಳುತ್ತೇನೆ.

ಎಂ.ಎಸ್ಸಿ. ಓದುವಾಗ ನಾನೊಂದು ಬಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ಆಡುತ್ತಿದ್ದೆ ಎಂದುಕೊಳ್ಳಬೇಡಿ. ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ, ಅಕ್ಷರ ಗುಂಡಗಿದೆ, ಮಾತು ಕಡಿಮೆ ಎಂಬ ಅರ್ಹತೆಗಳ ಮೇಲೆ ಸ್ಕೋರ್‌ಶೀಟ್ ಬರೆಯಲು ಕೂರಿಸಿದ್ದರು. ಕೂರಿಸಿದವಳು ತಂಡದ ನಾಯಕಿ ಶರಣಕ್ಕ. ರಾಯಚೂರಿನವಳು, ನನ್ನಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತೆ. ಅವಳ ಅಂಗಿಯ ಮೇಲಿನ ಅಂಕಿ ನಾಲ್ಕು.

ನಮ್ಮದು ರಾಷ್ಟ್ರೀಯ ಮಹಿಳಾ ಲೀಗು, ಎರಡನೇ ದರ್ಜೆಯದು. ಇದು ರಾಷ್ಟ್ರಕ್ಕೆ ಗೊತ್ತಿರಲಿಲ್ಲ. ಪ್ರೇಕ್ಷಕರೆಂದರೆ ಆಟಗಾರ್ತಿಯರ ಮನೆಯವರು ಮತ್ತು ಶೇಂಗಾ ಮಾರುವ ಒಬ್ಬ ಮುದುಕ. ಅವನು ಅರ್ಧ ಆಟಕ್ಕೇ ಬುಟ್ಟಿ ಎತ್ತುತ್ತಿದ್ದ. ಪತ್ರಿಕೆಗಳು ನಮ್ಮ ಫಲಿತಾಂಶವನ್ನು ಚದುರಂಗದ ಕೆಳಗೆ, ಕೆಲವೊಮ್ಮೆ ಸೋತವರನ್ನು ಗೆಲ್ಲಿಸಿ ಹಾಕುತ್ತಿದ್ದವು. ನಾವು ಕೃತಜ್ಞರಾಗಿದ್ದೆವು.

ಲೀಗಿನಲ್ಲಿ ಮೊದಲ ಎರಡು ಸ್ಥಾನದವರು ಮುಂದಿನ ವರ್ಷ ಮೇಲಿನ ದರ್ಜೆಗೆ ಹೋಗುತ್ತಿದ್ದರು. ಅಲ್ಲಿ ಆಟ ಮರದ ನೆಲದ ಮೇಲೆ. ನಮ್ಮಲ್ಲಿ ಸಿಮೆಂಟು. ಹದಿನಾಲ್ಕು ವರ್ಷ ಸಿಮೆಂಟಿನ ಮೇಲೆ ಜಿಗಿದ ಶರಣಕ್ಕನ ಮಂಡಿಗಳು ಮೆಟ್ಟಿಲು ಹತ್ತುವಾಗ ಸದ್ದು ಮಾಡುತ್ತಿದ್ದವು. ಇನ್ನೊಂದು ವರ್ಷ ಆಡಬಹುದು, ಆಮೇಲೆ ಬೇಡ ಎಂದು ಡಾಕ್ಟರು ಹೇಳಿದ್ದರು.

"ಒಂದ್ ವರ್ಷ ಸಾಕವಾ," ಎನ್ನುತ್ತಿದ್ದಳು ಅವಳು. "ಮರದ ಮ್ಯಾಲ ಚಂಡು ಬಡಿದ್ರ ಸಪ್ಪಳನ ಬ್ಯಾರೆ ಬರ್ತದಂತ. ಅದೊಂದು ಕೇಳಿ ಬಿಟ್ಟುಬಿಡ್ತೀನಿ."

ಕೊನೆಯ ಪಂದ್ಯ ನಮ್ಮ ಅಂಗಳದಲ್ಲೇ ಇತ್ತು. ಗೆದ್ದರೆ ಎರಡನೇ ಸ್ಥಾನ. ಆಟ ಯಾರ ಅಂಗಳದಲ್ಲೋ ಅವರೇ ಮೇಜಿನ ಜನರನ್ನು ಒದಗಿಸುವ ಪದ್ಧತಿಯಾದ್ದರಿಂದ ಬರೆಯುವವಳು ನಾನು. ಅಂಥದೇ ಎರಡು ಬಣ್ಣದ ಪೆನ್ನು: ಆಟದ ನಾಲ್ಕು ಭಾಗಗಳಲ್ಲಿ ಒಂದು ಮತ್ತು ಮೂರನೆಯದು ಕೆಂಪಿನಲ್ಲಿ, ಉಳಿದದ್ದು ನೀಲಿಯಲ್ಲಿ. ಯಾರು ಫೌಲ್ ಮಾಡಿದರೆಂದು ರೆಫರಿ ಮೇಜಿನ ಎದುರು ಬಂದು ಬೆರಳಿನಲ್ಲಿ ತೋರಿಸುತ್ತಾರೆ. ನಾಲ್ಕು ಬೆರಳೆಂದರೆ ನಾಲ್ಕು. ಒಂದು ಕೈ ಮುಷ್ಟಿ, ಇನ್ನೊಂದರಲ್ಲಿ ನಾಲ್ಕು ಬೆರಳು ಎಂದರೆ ಹದಿನಾಲ್ಕು. ಐದು ಫೌಲಾದ ಆಟಗಾರ್ತಿ ಹೊರಗೆ. ಶರಣಕ್ಕನ ಹೆಸರಿನ ಮುಂದೆ ಆಗಲೇ ನಾಲ್ಕಿದ್ದವು.

ಮೂರು ನಿಮಿಷ ಬಾಕಿ, ನಾವು ಐದು ಅಂಕ ಮುಂದೆ. ಬುಟ್ಟಿಯ ಕೆಳಗೆ ಒಂದು ಗುಂಪು ಬಿದ್ದಿತು, ಸೀಟಿ ಕೇಳಿಸಿತು. ರೆಫರಿ ನಮ್ಮ ಕಡೆ ತಿರುಗುವುದಕ್ಕೂ ನಮ್ಮ ಕೋಚ್ ಕೂಗುತ್ತಾ ಎದ್ದು ಮೇಜಿನ ಮುಂದೆ ಬರುವುದಕ್ಕೂ ಸರಿಹೋಯಿತು. ಅವರ ಹೊಟ್ಟೆಯ ಆಚೆ ನನಗೆ ಕಂಡದ್ದು ಒಂದು ಕೈ, ನಾಲ್ಕು ಬೆರಳು.

ಎದ್ದು "ಇನ್ನೊಮ್ಮೆ ತೋರಿಸಿ" ಎನ್ನಬಹುದಿತ್ತು. ಬರೆಯುವವರಿಗೆ ಆ ಹಕ್ಕಿದೆ. ಆದರೆ ಅಷ್ಟು ಜನರ ಮುಂದೆ ಎದ್ದು ನಿಂತು ಕೂಗುವುದು... ಆ ದಿನ ಅಂಗಳದಲ್ಲಿ ಒಟ್ಟು ನಲವತ್ತು ಜನರಿದ್ದಿರಬಹುದು. ನಾಲ್ಕರ ಮುಂದೆ ಐದನೆಯದನ್ನು ಬರೆದೆ, ಗುಂಡಗೆ. ಐದು ಎಂದಿದ್ದ ಫಲಕ ಎತ್ತಿದೆ.

ಶರಣಕ್ಕ ಮೇಜಿನ ಹತ್ತಿರ ಬಂದಳು. "ನಂದೇನವಾ?"

"ಹೌದ್ರಿ ಅಕ್ಕಾ."

ಅವಳು ಹೋಗಿ ಬೆಂಚಿನ ಮೇಲೆ ಕೂತಳು. ಒಂದು ಅಂಕದಿಂದ ಸೋತೆವು.

ಆಟ ಮುಗಿದ ಮೇಲೆ ಕೋಚ್ ಶೀಟನ್ನು ಅವಳ ಮುಂದೆ ಹಿಡಿದರು. ನಾಯಕಿಗೆ ತಕರಾರಿದ್ದರೆ ರುಜು ಮಾಡಲು ಕೆಳಗೊಂದು ಗೆರೆ ಇರುತ್ತದೆ. ರುಜು ಬಿದ್ದರೆ ರೆಫರಿಯನ್ನು ಕರೆದು ಕೇಳುತ್ತಾರೆ. "ಸೈನ್ ಕರೋ ಶರಣಮ್ಮಾ, ವೋ ಫೌಲ್ ತುಮ್ಹಾರಾ ನಹೀಂ ಥಾ," ಎಂದು, ಫೌಲು ಅವಳದಲ್ಲ, ರುಜು ಮಾಡು ಎಂದು ಒತ್ತಾಯಿಸಿದರು. ಅವಳು ಶೀಟನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ನನ್ನತ್ತ ಒಮ್ಮೆ ನೋಡಿ, "ಬರದದ್ದು ಬರೋಬರಿ ಐತ್ರಿ ಸರ್," ಎಂದು ಪೆನ್ನು ಮುಚ್ಚಿಟ್ಟಳು.

ಚಹಾ ಕುಡಿಯುವಾಗ ಹದಿನಾಲ್ಕನೇ ಅಂಗಿಯ ಲತಾ ನನ್ನ ಕಿವಿಯಲ್ಲಿ, "ವೋ ಫೌಲ್ ಮೇರಾಚ್ ಥಾ. ರೆಫರಿ ಮುಷ್ಟಿ ಭೀ ದಿಖಾಯಾ," ಎಂದಳು. ಫೌಲು ತನ್ನದೇ ಆಗಿಯೂ, ರೆಫರಿ ಮುಷ್ಟಿಯನ್ನೂ ತೋರಿಸಿಯೂ ತಾನು ಪಾರಾದದ್ದಕ್ಕೆ ಅವಳಿಗೆ ಸಂತೋಷವೇ ಇತ್ತು. ನಾನು ಚಹಾ ಮುಗಿಸಿದೆ. ಪರೀಕ್ಷೆ ಹತ್ತಿರ ಬಂತೆಂದು ಮುಂದಿನ ವಾರದಿಂದ ತಂಡದ ಕಡೆ ಹೋಗುವುದನ್ನೇ ಬಿಟ್ಟೆ. ಪರೀಕ್ಷೆ ಐದು ತಿಂಗಳಾಚೆ ಇತ್ತು.

ಬೇಗಂ ಬಜಾರಿನಿಂದ ಬಂದ ಮರುದಿನ ಲೋಕಲ್ ರೈಲು ಹತ್ತಿ ಲಿಂಗಂಪಲ್ಲಿಗೆ ಹೋದೆ. ಶರಣಕ್ಕ ಈಗ ಅಲ್ಲಿನ ಕಾಲೊನಿಯ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಮಂಡಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ರೈಲಿನಲ್ಲಿ ಜೋಡಿಸಿಕೊಂಡ ನಾಲ್ಕು ವಾಕ್ಯಗಳನ್ನು ಒಪ್ಪಿಸಿದೆ.

"ಗೊತ್ತಿತ್ತವಾ," ಎಂದಳು. "ನಾ ಆ ಹುಡುಗಿನ್ನ ಮುಟ್ಟಿದ್ದಿಲ್ಲ. ನನ್ನ ಕೈ ನನಗ ಗೊತ್ತಿರಂಗಿಲ್ಲೇನು?"

"ಮತ್ಯಾಕ ಸಹಿ ಮಾಡಲಿಲ್ರಿ?"

"ಆ ಕೋಚ್ ನಿನ್ನ ಎಲ್ಲಾರ ಮುಂದ ಬೈತಿದ್ದ. ನೀ ಮೊದಲ ಮಾತಾಡದಾಕಿ. ಮತ್ತ ಆ ಮೇಜಿಗೆ ಬರ್ತಿದ್ದಿಲ್ಲ."

"ನಾ ಹೆಂಗೂ ಬರಲಿಲ್ಲಲ್ರಿ ಅಕ್ಕಾ."

ಅವಳು ಎರಡು ಬೆರಳು ಮಡಚಿ ಲೆಕ್ಕ ಹಾಕಿದಳು. "ಹೌದಲ್ಲ," ಎಂದಳು. "ಅದೂ ಹೋತು, ಇದೂ ಹೋತು." ಸಿಟ್ಟಿನಿಂದಲ್ಲ. ಸ್ಟೋರಿನಲ್ಲಿ ಸಾಮಾನು ಮುಗಿದಿದೆ ಎಂದು ಹೇಳುವ ದನಿ. ಆಮೇಲೆ, "ಐತವಾರ ನಾಲ್ಕಕ್ಕ ಬಾ. ಹುಡಿಗ್ಯಾರದ್ದು ಆಟ ಐತಿ. ಬರಿಯಾವ್ರು ಯಾರೂ ಇಲ್ಲ."

ಹೋದೆ. ಅದೂ ಸಿಮೆಂಟಿನ ಅಂಗಳವೇ. ಮೊದಲ ಫೌಲಿಗೆ ಸೀಟಿ ಊದಿದವಳು ಕಾಲೇಜು ಓದುವ ರೆಫರಿ. ಮೇಜಿನ ಎದುರು ಬಂದು ಬೆರಳು ತೋರಿಸಿದಳು. ಏಳು. ನಡುವೆ ಯಾರೂ ಅಡ್ಡ ಇರಲಿಲ್ಲ. ನಾನು ಎದ್ದು ನಿಂತು, ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ, ಇನ್ನೊಮ್ಮೆ ತೋರಿಸಮ್ಮಾ ಎಂದು ಕೂಗಿದೆ.

"ಕನಪಡಲೇದಾ ಮೇಡಂ?" ಎಂದಳು ಹುಡುಗಿ, ಬೇಸರದಿಂದ.

ಕಂಡಿದೆ, ಆದರೂ ತೋರಿಸು ಎಂದೆ.