ಹೊನ್ನವ್ವ ತಂದ ಎರಿಮಣ್ಣು

ಮುಳವಾಡದ ಹೊನ್ನವ್ವ ಮಣ್ಣು ತಿನ್ನುತ್ತಾಳೆಂಬುದು ಓಣಿಗೆಲ್ಲ ಗೊತ್ತಿದ್ದ ಮಾತು. ಮೊದಲ ಬಸುರಿನಲ್ಲಿ ಹತ್ತಿದ ಚಟ, ಬಿಡಲೇ ಇಲ್ಲ. ಎಲೆ-ಅಡಿಕೆಯ ಸಂಚಿಯಲ್ಲಿ ಕರಿ ಎರಿಮಣ್ಣಿನ ಹೆಂಟೆ ಇಲ್ಲದೆ ಆಕೆ ಹೊಸ್ತಿಲು ದಾಟುತ್ತಿರಲಿಲ್ಲ. "ಕಲ್ಮೇಶ ಹೊಟ್ಟ್ಯಾಗಿದ್ದಾಗ ಅರ್ಧ ಹೊಲಾ ತಿಂದೇನಿ. ಅದಕ್ಕ ನೋಡು ನಮ್ಮ ಹೊಲ ಎಲ್ಲಾರದಕ್ಕಿಂತ ತಗ್ಗ ಐತಿ" ಎಂದು ಸೊಸೆಯನ್ನು ನಗಿಸಲು ನೋಡುತ್ತಿದ್ದಳು.

ಸೊಸೆ ದಾನೇಶ್ವರಿ ನಗುತ್ತಿರಲಿಲ್ಲ. ಮೂರು ವರ್ಷದ ಮಗಳು ಐಶ್ವರ್ಯ ಅಜ್ಜಿಯ ತೊಡೆ ಏರಿ ಬಾಯಿ ತೆರೆದರೆ ಅವಳಿಗೂ ಒಂದು ಚೂರು ಸಿಗುತ್ತಿತ್ತು. ಬೆಳಗಾವಿಯಲ್ಲಿ ಓದಿ ಬೆಳೆದ ದಾನೇಶ್ವರಿ ಮಣ್ಣಿನಿಂದ ಕರ್ರಗಾದ ಕೂಸಿನ ತುಟಿ ಕಂಡಾಗಲೆಲ್ಲ ಸೆರಗಿನಿಂದ ಒರೆಸುತ್ತಿದ್ದಳು. ಜಂತುಹುಳ ಆದರೆ? ಅತ್ತೆಗೆ ಹೇಳಿ ಸಾಕಾಗಿ, ಕೂಸಿನ ಮನಸ್ಸನ್ನಾದರೂ ಬೇರೆ ಕಡೆ ಎಳೆಯೋಣವೆಂದು ಒಳಗೆ ಗಿಡ ಬೆಳೆಸುವ ಗಾಜಿನ ಮೀನಿನ ತೊಟ್ಟಿಗಾಗಿ ಗಂಡ ಕಲ್ಮೇಶನಿಗೆ ಗಂಟುಬಿದ್ದಳು.

ವಿಜಯಪುರದ ಅಂಗಡಿಯವನು ಜೋರಾಗಿ ನೀರು ಎಳೆಯುವ ದೊಡ್ಡ ಫಿಲ್ಟರ್ ತೋರಿಸಿದ. ಮೀನಿನ ಮರಿ ಒಳಗೆ ಸಿಕ್ಕರೆ ಎಂದು ದಾನೇಶ್ವರಿಗೆ ಅಂಜಿಕೆ. ಗಾಳಿಗುಳ್ಳೆಯಿಂದ ಮೆಲ್ಲಗೆ ನಡೆಯುವ ಸ್ಪಂಜಿನ ಫಿಲ್ಟರ್ ಆರಿಸಿದಳು. ತಳಕ್ಕೆ ಹಾಸುವ ಮಣ್ಣು ಪ್ಯಾಕೆಟ್ಟಿನಲ್ಲಿತ್ತು. ಜೊತೆಗೆ ಬಂದಿದ್ದ ಹೊನ್ನವ್ವ ಅದನ್ನು ತಿರುವಿ ನೋಡಿದಳು.

"ಯವ್ವಾ, ಮಣ್ಣೂ ಮಾರ್ತಾರನು? ನಾಳೆ ಬಿಸಲೂ ಮಾರ್ತಾರ ಬಿಡು. ಇಡು ಅಲ್ಲೇ, ನಮ್ಮ ಹೊಲದಾಗಿಂದ ತರ್ತೇನಿ."

ಸಾದಾ ಮಣ್ಣಿನ ಮೇಲೆ ಉಸುಕು ಹೊದಿಸಿದರೂ ಗಿಡ ಬರುತ್ತವೆಂದು ದಾನೇಶ್ವರಿ ತಾನೇ ಓದಿದ್ದಳು. ಪ್ಯಾಕೆಟ್ಟು ಅಲ್ಲೇ ಇಟ್ಟಳು. ಅತ್ತೆ ತಂದ ಮಣ್ಣನ್ನು ಸಾಣಿಗೆ ಹಿಡಿದು, ನೆನೆಸಿ, ಹಾಸಿ, ಉಸುಕು ಹೊದಿಸಿ, ಗಿಡ ನೆಟ್ಟು ಮೀನು ಬಿಟ್ಟಳು.

ಕೆಲವೇ ದಿನಗಳಲ್ಲಿ, ಗಿಡದೊಂದಿಗೆ ಬಂದ ಬಸವನಹುಳುಗಳು ಮೊದಲು ಗಾಜಿನಿಂದ ಉದುರಿದವು. ಆಮೇಲೆ ಗಪ್ಪಿ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು.

"ಫಿಲ್ಟರ್ ಸಣ್ಣದಾತು ನಿಂದು" ಎಂದ ಕಲ್ಮೇಶ.

ಸ್ಪಂಜು ಹಿಂಡಿದಳು, ನೀರು ಬದಲಿಸಿದಳು, ಹೊಸ ಮೀನು ಬಿಟ್ಟಳು. ಅವೂ ಸತ್ತವು. ಅದೇ ಹೊತ್ತಿಗೆ ಐಶ್ವರ್ಯ ಊಟ ಒಲ್ಲೆನೆಂದು ಹೊಟ್ಟೆ ಹಿಡಿದುಕೊಳ್ಳಹತ್ತಿದಳು. ದಾನೇಶ್ವರಿಗೆ ಮಣ್ಣಿನ ಮೇಲೆ ಅನುಮಾನ ಬಂತು. ಎರಡು ಬೋಗುಣಿಗೆ ಒಂದೇ ಕೊಡದ ನೀರು ಹಾಕಿ, ಒಂದಕ್ಕೆ ಮಾತ್ರ ಮಣ್ಣು ಕದಡಿ, ಎರಡರಲ್ಲೂ ಉಳಿದಿದ್ದ ಒಂದೊಂದು ಬಸವನಹುಳು ಬಿಟ್ಟಳು. ಮರುದಿನ ಬರೀ ನೀರಿನದು ಅಂಚು ಏರಿ ತಿರುಗಾಡುತ್ತಿತ್ತು. ಮಣ್ಣಿನದು ಚಿಪ್ಪು ಬಿಟ್ಟು ಜೋತುಬಿದ್ದಿತ್ತು.

"ಅತ್ತಿ, ಮಣ್ಣು ಎಲ್ಲಿಂದ ತಂದ್ರಿ?"

"ಎಲ್ಲಿಂದ ಅಂದ್ರ? ಪಡದಾಗಿಂದ. ಬಳ್ಳಿ ಬುಡದ್ದು, ಬೆಣ್ಣಿ ಹಂಗ ಐತಿ."

ಕಾಲುವೆ ನೀರು ಬಂದ ಮೇಲೆ ಜೋಳದ ಹೊಲ ದ್ರಾಕ್ಷಿ ಪಡವಾಗಿತ್ತು. ಹೊನ್ನವ್ವನ ಪಾಲಿಗೆ ಮಾತ್ರ ಅದು ಅದೇ ಹೊಲ, ಅದೇ ಮಣ್ಣು. ಮೋಡ ಮುಸುಕಿದಾಗಲೆಲ್ಲ ಬಳ್ಳಿಗೆ ರೋಗ ಬರದಂತೆ ಕಲ್ಮೇಶ ಮೈಲುತುತ್ತ ಹೊಡೆಯುತ್ತಿದ್ದ. ಆ ನೀಲಿ ಎಲೆಯಿಂದ ತೊಟ್ಟಿಕ್ಕಿ ಬುಡಕ್ಕೇ ಇಳಿಯುತ್ತಿತ್ತು, ವರ್ಷ ವರ್ಷ. ಅದರಲ್ಲಿರುವುದು ತಾಮ್ರ, ಹುಳುವಿಗೂ ಮೀನಿಗೂ ವಿಷ. ಅವನು ಹೊಡೆಯುತ್ತಿದ್ದ ಬೇರೆ ಔಷಧಗಳ ಹೆಸರು ದಾನೇಶ್ವರಿಗೆ ಗೊತ್ತೂ ಇರಲಿಲ್ಲ.

"ಸಂಚ್ಯಾಗಿನ ಹೆಂಟಿ ಎಲ್ಲೀದ್ರಿ?"

ಹೊನ್ನವ್ವನ ದವಡೆ ನಿಂತಿತು. "ಅದೂ ಅಲ್ಲೀದ." ಆಮೇಲೆ ಸಿಟ್ಟು ಬಂತು. "ಭೂಮಿ ಅಂದ್ರ ತಾಯಿ ಐತಿ. ತಾಯಿ ಮಕ್ಕಳಿಗೆ ವಿಷಾ ಹಾಕ್ತಾಳನು?"

"ಆಕಿ ಹಾಕಿಲ್ಲಬೇ, ನಾನ ಹಾಕೇನಿ" ಎಂದ ಬಾಗಿಲಲ್ಲಿ ನಿಂತಿದ್ದ ಕಲ್ಮೇಶ. "ಹೊಡೀಲಿಲ್ಲಂದ್ರ ಒಂದ ಗೊನಿ ಉಳೀತಿತ್ತನು?"

ದಾನೇಶ್ವರಿ ಇಬ್ಬರ ಮಾತಿಗೂ ನಿಲ್ಲಲಿಲ್ಲ. ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟಳು. ಹೊನ್ನವ್ವ ಸೆರಗು ಬಿಗಿದುಕೊಂಡು ಹಿಂದೆಯೇ ಬಂದು, ಕರೆಯದಿದ್ದರೂ ಆಟೋ ಹತ್ತಿದಳು. ಬಸವನ ಬಾಗೇವಾಡಿ ಮುಟ್ಟುವತನಕ ಕೂಸಿನ ಪಾದ ಹಿಡಿದುಕೊಂಡೇ ಕೂತಿದ್ದಳು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಎಷ್ಟು ದಿನದಿಂದ ತಿನ್ನುತ್ತಿದೆ ಎಂದು ಕೇಳಿ, ರಕ್ತ ಕೊಡಲು ಕಳಿಸಿದರು. ವರದಿ ಬರುವವರೆಗೆ ಏನೂ ಹೇಳಲಾಗದು ಅಂದರು. ನರ್ಸು ಸೂಜಿ ತೆಗೆದದ್ದೇ ಐಶ್ವರ್ಯ ಚೀರಿದಳು. ಹೊನ್ನವ್ವ ನಡುವೆ ನುಗ್ಗಿ ತನ್ನ ತೋಳು ಚಾಚಿದಳು.

"ಮೊದಲ ನಂದು ತಗೀ ತಂಗಿ. ನಾ ಹೆಚ್ಚಿಗಿ ತಿಂದೇನಿ. ನಂದು ಚಲೋ ಇದ್ರ ಕೂಸಿಂದೂ ಚಲೋನ ಇರ್ತೈತಿ."

ಸೂಜಿ ಹತ್ತಿರ ಬರುವಾಗ ಆ ಕೈ ನಡುಗುತ್ತಿತ್ತು. ಅಂಜಿಕೆಗೆ ಅಲ್ಲ. ಹೋದ ಸುಗ್ಗಿಯಿಂದಲೂ ಅದು ನಡುಗುತ್ತಲೇ ಇದೆಯೆಂಬುದು ದಾನೇಶ್ವರಿಗೆ ಈಗ ಹೊಳೆಯಿತು.